14 ಕಿಲೋಮೀಟರ್ ದಾರಿಗೆ ಕಾಲಿಗೇಕೆ ರಜೆ?

‘ಡಾಕ್ಟರೇ, ಹರಿಹರಕ್ಕೆ ಹೋಗಿ ಬರುವಷ್ಟರಲ್ಲಿ ಬಲಗಾಲು ಸೆಳೆಯುತ್ತದೆ. ಹೊಸ ಕಾರಿನಲ್ಲಿ ಕ್ರೂಸ್ ಕಂಟ್ರೋಲ್ ಇದೆ. ನಲವತ್ತಕ್ಕೆ ಹೊಂದಿಸಿಬಿಟ್ಟರೆ ಕಾಲಿಗೆ ಕೆಲಸವೇ ಇಲ್ಲ. ನಿಧಾನವಾಗಿಯೇ ಹೋಗುತ್ತೇನಲ್ಲ, ತೊಂದರೆ ಏನು?’

ಐವತ್ತು ದಾಟಿದವರಿಂದ ಇಂಥ ಪ್ರಶ್ನೆಯನ್ನು ಈಚೆಗೆ ಆಗಾಗ ಕೇಳುತ್ತಿದ್ದೇನೆ. ಒಂದು ಕಾಲದಲ್ಲಿ ಹೆಚ್ಚಾಗಿ ದುಬಾರಿ ಕಾರುಗಳಲ್ಲಿದ್ದ ಈ ಸೌಲಭ್ಯ ಇಂದು ಮಧ್ಯಮ ವರ್ಗದ ಕುಟುಂಬಗಳು ಕೊಳ್ಳುವ ಕಾರುಗಳಲ್ಲೂ ಸ್ಟೀರಿಂಗ್ ಚಕ್ರದ ಮೇಲೆ ಬಂದು ಕುಳಿತಿದೆ. ಮೇಲ್ನೋಟಕ್ಕೆ ಇದು ಗ್ಯಾರೇಜಿನಲ್ಲಿ ಕೇಳಬೇಕಾದ ಪ್ರಶ್ನೆ. ಆದರೆ ಅದರ ಅರ್ಧ ಭಾಗ ಕಾಲಿಗೆ, ನರಕ್ಕೆ, ಮಿದುಳಿಗೆ ಸೇರಿದ್ದು.

ಉತ್ತರವನ್ನು ಮೊದಲೇ ಹೇಳಿಬಿಡುತ್ತೇನೆ. ಊರೊಳಗಿನ ರಸ್ತೆಗಳಲ್ಲಿ, ದಾವಣಗೆರೆಯಿಂದ ಹರಿಹರಕ್ಕೆ ಹೋಗುವ ಹಳೆಯ ಪಿ.ಬಿ. ರಸ್ತೆಯಲ್ಲಿ ಅದರ ಬಳಕೆ ಬೇಡ. ಸುಮಾರು 14 ಕಿಲೋಮೀಟರ್ ಓಡಿಸುವಷ್ಟರಲ್ಲಿ ಬಲಗಾಲು ವಿಶ್ರಾಂತಿ ಕೇಳುತ್ತಿದ್ದರೆ, ಆ ಕಾಲಿಗೆ ಬೇಕಾಗಿರುವುದು ಗುಂಡಿಯಲ್ಲ, ವೈದ್ಯಕೀಯ ಪರೀಕ್ಷೆ.

ಈ ಸಾಧನವನ್ನು ರೂಪಿಸಿದ ರಾಲ್ಫ್ ಟೀಟರ್ ಎಂಬ ಅಮೆರಿಕದ ಎಂಜಿನಿಯರ್ ಐದನೆಯ ವಯಸ್ಸಿನಲ್ಲೇ ದೃಷ್ಟಿ ಕಳೆದುಕೊಂಡವರು. ಮಾತನಾಡುತ್ತಾ ಕಾರು ಓಡಿಸುತ್ತಿದ್ದ ತಮ್ಮ ವಕೀಲರು ಒಮ್ಮೆ ವೇಗ ಹೆಚ್ಚಿಸುತ್ತಾ, ಒಮ್ಮೆ ತಗ್ಗಿಸುತ್ತಾ ಇದ್ದುದರಿಂದ ಬೇಸತ್ತು ಅವರಿಗೆ ಈ ಯೋಚನೆ ಹೊಳೆಯಿತೆಂದು ಹೇಳುತ್ತಾರೆ. 1950ರಲ್ಲಿ ಅವರಿಗೆ ಪೇಟೆಂಟ್ ದೊರೆಯಿತು. 1958ರಲ್ಲಿ ಕ್ರೈಸ್ಲರ್ ಕಂಪನಿಯ ಕಾರುಗಳಲ್ಲಿ ಅದು ಮಾರುಕಟ್ಟೆಗೆ ಬಂತು. ಗಂಟೆಗಟ್ಟಲೆ ಒಂದೇ ವೇಗದಲ್ಲಿ ಸಾಗುವ ಉದ್ದನೆಯ ರಸ್ತೆಗಳಿಗೆ ಹೇಳಿ ಮಾಡಿಸಿದಂಥ ಸಾಧನ ಅದು.

ಅದು ಕೆಲಸ ಮಾಡುವ ರೀತಿ ಸರಳ. ನೀವು ಗೊತ್ತುಪಡಿಸಿದ ವೇಗವನ್ನು ಅದು ನೆನಪಿಟ್ಟುಕೊಳ್ಳುತ್ತದೆ. ಏರು ಬಂದು ವೇಗ ಕುಗ್ಗಿದರೆ ಎಂಜಿನ್ನಿಗೆ ಹೆಚ್ಚು ಬಲ ಕೊಡುತ್ತದೆ, ಹೆಚ್ಚಾದರೆ ಕಡಿಮೆ ಮಾಡುತ್ತದೆ. ಬ್ರೇಕ್ ಒತ್ತಿದ ಕೂಡಲೇ ಕೆಲಸ ನಿಲ್ಲಿಸುತ್ತದೆ. ಗೇರಿನ ಕಾರಾದರೆ ಕ್ಲಚ್ ಒತ್ತಿದರೂ ನಿಲ್ಲುತ್ತದೆ. ಸಾಮಾನ್ಯ ಮಾದರಿಯ ಕ್ರೂಸ್ ಕಂಟ್ರೋಲಿಗೆ ಕಣ್ಣಿಲ್ಲ. ಎದುರಿಗೆ ಎಮ್ಮೆ ನಿಂತಿದೆಯೋ, ಮಗು ಅಡ್ಡ ಬಂದಿದೆಯೋ ಅದಕ್ಕೆ ತಿಳಿಯದು.

ಇಲ್ಲೊಂದು ವಿಚಿತ್ರವನ್ನು ಗಮನಿಸಬೇಕು. ಅನೇಕ ಕಾರುಗಳಲ್ಲಿ ಗಂಟೆಗೆ 40 ಕಿ.ಮೀ. ಆಸುಪಾಸಿನ ವೇಗಕ್ಕಿಂತ ಕೆಳಗೆ ಈ ಸಾಧನ ಕೆಲಸವನ್ನೇ ಮಾಡುವುದಿಲ್ಲ. ಎಂದರೆ ಯಂತ್ರಕ್ಕೆ ಯಾವುದು ಅತಿ ಕಡಿಮೆ ವೇಗವೋ, ಶಾಲೆಯ ಮುಂದೆ, ಸಂತೆಯ ಬದಿಯಲ್ಲಿ ಅದೇ ಅತಿ ಹೆಚ್ಚಿನ ವೇಗ. ಪಾದಚಾರಿಗಳು, ಸೈಕಲ್ ಸವಾರರು ಮತ್ತು ವಾಹನಗಳು ಬೆರೆತು ಸಾಗುವ ಕಡೆ ವೇಗದ ಮಿತಿ 30 ಕಿ.ಮೀ. ಇರಬೇಕೆಂದು 2020ರ ಫೆಬ್ರುವರಿಯಲ್ಲಿ ಸ್ಟಾಕ್‌ಹೋಮಿನಲ್ಲಿ ಸೇರಿದ್ದ ಜಾಗತಿಕ ರಸ್ತೆ ಸುರಕ್ಷತಾ ಸಮ್ಮೇಳನ ಘೋಷಿಸಿತು. ‘ನಾನು ನಲವತ್ತರಲ್ಲಿ ನಿಧಾನವಾಗಿ ಹೋಗುತ್ತೇನೆ’ ಎನ್ನುವವರು ಈ ಲೆಕ್ಕವನ್ನು ನೋಡಬೇಕು.

ಅರ್ಧ ಸೆಕೆಂಡಿನ ಬೆಲೆ

ಗಂಟೆಗೆ 40 ಕಿ.ಮೀ. ಎಂದರೆ ಸೆಕೆಂಡಿಗೆ ಸುಮಾರು 11 ಮೀಟರ್. ಅಪಾಯವನ್ನು ಕಣ್ಣು ಕಂಡು, ಮಿದುಳು ಅರ್ಥ ಮಾಡಿಕೊಂಡು, ಕಾಲಿಗೆ ಆಜ್ಞೆ ಹೋಗಿ, ಪಾದ ಬ್ರೇಕಿನ ಮೇಲೆ ಬೀಳುವುದಕ್ಕೆ ಎಚ್ಚರವಾಗಿರುವ ಮನುಷ್ಯನಿಗೂ ಒಂದು ಸೆಕೆಂಡಾದರೂ ಬೇಕು. ಆ ಬಳಿಕ ಒಣ ರಸ್ತೆಯಲ್ಲಿ ಕಾರು ನಿಲ್ಲುವುದಕ್ಕೆ ಇನ್ನೊಂದು 9 ಮೀಟರ್. ಒಟ್ಟು 20 ಮೀಟರ್ ಆಯಿತು. 30 ಕಿ.ಮೀ. ವೇಗದಲ್ಲಿದ್ದರೆ ಇದು 13 ಮೀಟರಿನಷ್ಟು ಮಾತ್ರ.

ನಾವೇ ಆಕ್ಸಲರೇಟರ್ ಒತ್ತುತ್ತಿರುವಾಗ ಪಾದ ಪೆಡಲುಗಳ ಬಳಿಯೇ ಇರುತ್ತದೆ. ಎದುರಿಗಿದ್ದ ಆಟೋದ ಕೆಂಪು ದೀಪ ಹೊತ್ತಿದೊಡನೆ, ಬ್ರೇಕ್ ಬೇಕೋ ಬೇಡವೋ ಎಂದು ತೀರ್ಮಾನಿಸುವ ಮೊದಲೇ, ಕಾಲು ತಾನಾಗಿ ಸಡಿಲವಾಗುತ್ತದೆ. ಆ ಸಡಿಲಿಕೆಯಲ್ಲೇ ಕಾರಿನ ವೇಗ ತಗ್ಗತೊಡಗುತ್ತದೆ. ವರ್ಷಗಟ್ಟಲೆ ವಾಹನ ಓಡಿಸಿದವರ ನರಮಂಡಲ ಕಲಿತುಕೊಂಡ ವಿದ್ಯೆ ಇದು. ಕ್ರೂಸ್ ಕಂಟ್ರೋಲ್ ಹಾಕಿ ಪಾದವನ್ನು ಹಿಂದಕ್ಕೆ ಎಳೆದು, ಮಡಚಿ, ಆರಾಮವಾಗಿ ಇಟ್ಟುಕೊಂಡಾಗ ಈ ವಿದ್ಯೆ ಉಪಯೋಗಕ್ಕೆ ಬರುವುದಿಲ್ಲ. ಪಾದ ಎಲ್ಲಿದೆ, ಪೆಡಲ್ ಎಲ್ಲಿದೆ ಎಂದು ಹುಡುಕಬೇಕು. ಅದಕ್ಕೆ ಅರ್ಧ ಸೆಕೆಂಡು ಹೆಚ್ಚಾಯಿತು ಎಂದಿಟ್ಟುಕೊಳ್ಳಿ. ಅಷ್ಟರಲ್ಲಿ ಕಾರು ಐದೂವರೆ ಮೀಟರ್ ಮುಂದೆ ಹೋಗಿರುತ್ತದೆ. ಎರಡು ಆಟೋಗಳನ್ನು ಒಂದರ ಹಿಂದೊಂದು ನಿಲ್ಲಿಸಿದಷ್ಟು ದೂರ ಅದು.

ಹರಿಹರದ ದಾರಿ ಹೇಗಿದೆ ಎಂದು ನಮ್ಮ ಓದುಗರಿಗೆ ಹೇಳಬೇಕಾಗಿಲ್ಲ. ದೊಡ್ಡಬಾತಿ ದಾಟುವಷ್ಟರಲ್ಲಿ ಕೈ ಎತ್ತಿದಲ್ಲೆಲ್ಲ ಬಸ್ಸು ನಿಲ್ಲುತ್ತದೆ, ಹುಲ್ಲು ಹೇರಿದ ಟ್ರ್ಯಾಕ್ಟರು ದೀಪವಿಲ್ಲದೆ ಹೋಗುತ್ತಿರುತ್ತದೆ, ಎಡಗಡೆಯಿಂದ ಸ್ಕೂಟರು ನುಗ್ಗುತ್ತದೆ. ಸುಗ್ಗಿಯ ನಂತರ ನಮ್ಮ ಜಿಲ್ಲೆಯ ಎಷ್ಟೋ ರಸ್ತೆಗಳ ಅಂಚಿನಲ್ಲಿ ಮೆಕ್ಕೆಜೋಳ ಒಣಗಲು ಹರವಿರುತ್ತಾರೆ. ಕಾಳಿನ ಮೇಲೆ ಚಕ್ರ ಹೋದರೆ ಹಿಡಿತ ತಪ್ಪುತ್ತದೆ. ಮಳೆ, ಕೆಸರು, ಮರಳು, ಕಾಳು ಇರುವ ಜಾರುವ ರಸ್ತೆಯಲ್ಲಿ ಕ್ರೂಸ್ ಕಂಟ್ರೋಲ್ ಬಳಸಬೇಡಿ ಎಂದು ತಯಾರಕರೇ ಕೈಪಿಡಿಯಲ್ಲಿ ಎಚ್ಚರಿಸುತ್ತಾರೆ. ಆ ಪುಸ್ತಕವನ್ನು ನಾವು ಓದುವುದಿಲ್ಲ, ಅಷ್ಟೆ. ಪೂಜೆ ಮುಗಿದ ದಿನ ಡ್ಯಾಶ್‌ಬೋರ್ಡಿನೊಳಗೆ ಸೇರಿದ್ದು ಕಾರು ಮಾರುವಾಗಲೇ ಹೊರಗೆ ಬರುತ್ತದೆ!

ಇನ್ನೊಂದು ಗುಂಡಿಯ ಬಗ್ಗೆ ಹೇಳಲೇಬೇಕು. ರಸ್ತೆಯುಬ್ಬಿನಲ್ಲಿ ಬ್ರೇಕ್ ಒತ್ತಿದಾಗ ಕ್ರೂಸ್ ನಿಲ್ಲುತ್ತದೆ. ದಾಟಿದ ಮೇಲೆ ‘ರೆಸ್ಯೂಮ್’ ಒತ್ತಿದರೆ ಕಾರು ತಾನಾಗಿ ಹಳೆಯ ವೇಗಕ್ಕೆ ಏರುತ್ತದೆ. ಆದರೆ ಉಬ್ಬನ್ನು ಹಾಕಿರುವುದೇ ಅಲ್ಲಿ ಶಾಲೆಯೋ ಹಳ್ಳಿಯೋ ಇದೆ ಎಂಬ ಕಾರಣಕ್ಕೆ. ಜನ ದಾಟುವ ಜಾಗದಲ್ಲೇ ವೇಗ ಹೆಚ್ಚಿಸುವ ಕೆಲಸವನ್ನು ಯಂತ್ರಕ್ಕೆ ಒಪ್ಪಿಸಿದಂತಾಗುತ್ತದೆ.

ಡಿಕ್ಕಿಯ ಬಲ ವೇಗದ ವರ್ಗಕ್ಕೆ ಅನುಗುಣವಾಗಿ ಏರುತ್ತದೆ. 30ಕ್ಕೆ ಹೋಲಿಸಿದರೆ 40ರಲ್ಲಿ ಕಾರಿನ ಶಕ್ತಿ ಸುಮಾರು ಒಂದೂಮುಕ್ಕಾಲು ಪಟ್ಟು. 50ರ ವೇಗಕ್ಕಿಂತ 65ರ ವೇಗದಲ್ಲಿ ಕಾರಿನ ಮುಂಭಾಗ ಬಡಿದಾಗ ಪಾದಚಾರಿ ಸಾಯುವ ಸಂಭವ ನಾಲ್ಕೂವರೆ ಪಟ್ಟು ಹೆಚ್ಚು ಎಂದು ವಿಶ್ವ ಆರೋಗ್ಯ ಸಂಸ್ಥೆ ಹೇಳಿದೆ. 2022ರಲ್ಲಿ ನಮ್ಮ ದೇಶದ ರಸ್ತೆಗಳಲ್ಲಿ 1,68,491 ಮಂದಿ ಸತ್ತರು. ನೂರಕ್ಕೆ ಎಪ್ಪತ್ತಕ್ಕೂ ಹೆಚ್ಚು ಸಾವುಗಳಿಗೆ ಅತಿವೇಗವೇ ಕಾರಣವೆಂದು ಸರ್ಕಾರದ ವರದಿಯಲ್ಲಿದೆ. 2018ರಲ್ಲಿ ಕೇಂದ್ರ ಸರ್ಕಾರ ನಗರ ಮಿತಿಯೊಳಗೆ ಕಾರುಗಳಿಗೆ 70 ಕಿ.ಮೀ. ಗರಿಷ್ಠ ಮಿತಿ ಗೊತ್ತುಪಡಿಸಿತು. ಅದು ದಾಟಬಾರದ ಗೆರೆ, ತಲುಪಬೇಕಾದ ಗುರಿಯಲ್ಲ.

ಮುಂದಿನ ವಾಹನವನ್ನು ನೋಡಿ ತಾನೇ ವೇಗ ತಗ್ಗಿಸಿಕೊಳ್ಳುವ ಹೊಸ ಮಾದರಿಗಳು ಬಂದಿವೆಯಲ್ಲ ಎಂದು ಕೆಲವರು ವಾದಿಸುತ್ತಾರೆ. ಬಂದಿವೆ, ನಿಜ. ರೇಡಾರ್ ಮತ್ತು ಕ್ಯಾಮೆರಾದ ಸಹಾಯದಿಂದ ಅವು ಮುಂದಿನ ಕಾರನ್ನು ಚೆನ್ನಾಗಿ ಗುರುತಿಸುತ್ತವೆ. ಆದರೆ ದಿಢೀರನೆ ಅಡ್ಡ ಬರುವ ಬೈಕು, ದನ, ರಸ್ತೆ ದಾಟುವ ಅಜ್ಜಿ ಇವರ ವಿಷಯದಲ್ಲಿ ಅವನ್ನು ಪೂರ್ತಿ ನಂಬುವಂತಿಲ್ಲ.

ಮಿದುಳಿನ ತೂಕಡಿಕೆ

ಎರಡನೆಯ ಮಹಾಯುದ್ಧದಲ್ಲಿ ರೇಡಾರ್ ಪರದೆ ನೋಡುತ್ತಾ ಕುಳಿತ ಸಿಬ್ಬಂದಿ ಶತ್ರುವಿನ ಗುರುತನ್ನು ತಪ್ಪಿಸಿಕೊಳ್ಳುತ್ತಿದ್ದುದೇಕೆ ಎಂಬುದನ್ನು ನಾರ್ಮನ್ ಮ್ಯಾಕ್‌ವರ್ತ್ ಎಂಬ ವಿಜ್ಞಾನಿ ಪರೀಕ್ಷಿಸಿದರು. ಮಾಡಲು ಕೆಲಸವಿಲ್ಲದೆ ಬರಿದೇ ಕಾಯುತ್ತಾ ಕುಳಿತ ಮನುಷ್ಯನ ಎಚ್ಚರ ಮೊದಲ ಅರ್ಧ ಗಂಟೆಯಲ್ಲೇ ಕುಸಿಯುತ್ತದೆಂದು ಅವರು 1948ರಲ್ಲಿ ಪ್ರಕಟಿಸಿದರು. ನಮ್ಮ ಹರಿಹರದ ದಾರಿಗೆ ಹಿಡಿಯುವುದೂ ಹೆಚ್ಚುಕಡಿಮೆ ಅಷ್ಟೇ ಹೊತ್ತು. ಕಾಲಿಗೆ ಕೆಲಸ ತಪ್ಪಿದರೆ ಮಿದುಳಿಗೆ ಬಿಡುವು ಸಿಕ್ಕಿತೆಂದು ತಿಳಿಯಬಾರದು. ಅದಕ್ಕೆ ಬರುವುದು ಮಂಪರು.

ಮಧ್ಯಾಹ್ನದ ಊಟವಾದ ಮೇಲೆ, ನೆಗಡಿಗೆ ಮಾತ್ರೆ ನುಂಗಿ, ಕೆಮ್ಮಿಗೆ ಸಿರಪ್ ಕುಡಿದು ಸ್ಟೀರಿಂಗ್ ಹಿಡಿಯುವವರಿಗೆ ಇದು ಇನ್ನೂ ಹೆಚ್ಚು ಅನ್ವಯಿಸುತ್ತದೆ. ಪಾದದ ಉರಿಗೆ ಕೊಡುವ ಪ್ರೆಗಾಬಲಿನ್ ಮಾತ್ರೆಯೂ ನಿದ್ದೆ ತರಿಸುತ್ತದೆ. ರಾತ್ರಿ ಜೋರಾಗಿ ಗೊರಕೆ ಹೊಡೆದು ಹಗಲು ತೂಕಡಿಸುವವರು ಗೊರಕೆಯನ್ನು ತಮಾಷೆಯೆಂದು ಬಿಡದೆ ವೈದ್ಯರಿಗೆ ತಿಳಿಸಬೇಕು. ನಿದ್ದೆಯಲ್ಲಿ ಉಸಿರು ಕಟ್ಟುವ ಕಾಯಿಲೆ ಇರಬಹುದು.

ಎಲ್ಲಕ್ಕಿಂತ ಗಂಭೀರವಾದುದು ಸಕ್ಕರೆ ಕಾಯಿಲೆಯವರ ವಿಷಯ. ಇನ್ಸುಲಿನ್ ಅಥವಾ ಗ್ಲಿಮೆಪಿರೈಡ್‌ನಂಥ ಮಾತ್ರೆ ತೆಗೆದುಕೊಂಡು, ಊಟ ತಡವಾಗಿ, ರಕ್ತದ ಸಕ್ಕರೆ ಇಳಿಯಿತೆಂದುಕೊಳ್ಳಿ. ಬೆವರು, ನಡುಕ, ಕಣ್ಣು ಮಂಜು, ನಂತರ ಗೊಂದಲ. ಕಾಲಿನಿಂದ ಓಡಿಸುತ್ತಿರುವವರ ಪಾದ ಆಕ್ಸಲರೇಟರಿನಿಂದ ಜಾರಿದರೆ ಕಾರು ತಾನಾಗಿ ನಿಧಾನವಾಗುವ ಒಂದು ಅವಕಾಶವಾದರೂ ಇದೆ. ಕ್ರೂಸ್ ಹಾಕಿದ ಕಾರಿಗೆ ಚಾಲಕ ಎಚ್ಚರ ತಪ್ಪಿದ್ದು ತಿಳಿಯದು. ಗೊತ್ತುಪಡಿಸಿದ ವೇಗದಲ್ಲೇ ಅದು ಮುಂದೆ ಸಾಗುತ್ತದೆ. ಇಂಥವರು ಹೊರಡುವ ಮೊದಲು ಸಕ್ಕರೆಯ ಮಟ್ಟ ನೋಡಿಕೊಳ್ಳಬೇಕು, ಕೈಗೆಟಕುವಂತೆ ಗ್ಲೂಕೋಸ್ ಅಥವಾ ಸಕ್ಕರೆ ಇಟ್ಟುಕೊಳ್ಳಬೇಕು. ಹಿಂದಿನ ಸೀಟಿನ ಚೀಲದಲ್ಲಿದ್ದರೆ ಅದು ಇದ್ದೂ ಇಲ್ಲದಂತೆ.

ಕಾಲು ಏನನ್ನು ಹೇಳುತ್ತಿದೆ?

ಕಾಲು ನೋವಿಗೆ ಎಷ್ಟೋ ಸಲ ಕಾರಣ ಸೀಟು. ಸೀಟನ್ನು ತೀರ ಹಿಂದಕ್ಕೆ ತಳ್ಳಿ ಕುಳಿತರೆ ಪೆಡಲ್ ಮುಟ್ಟಲು ಕಾಲನ್ನು ಚಾಚಿಯೇ ಇರಬೇಕಾಗುತ್ತದೆ, ಮೀನಖಂಡ ಸೆಳೆಯುತ್ತದೆ. ಹಿಮ್ಮಡಿ ನೆಲಕ್ಕೆ ಊರಿರಬೇಕು, ಬ್ರೇಕನ್ನು ಪೂರ್ತಿ ಒತ್ತಿದಾಗಲೂ ಮಂಡಿ ಸ್ವಲ್ಪ ಬಾಗಿರಬೇಕು. ಹಿಂದಿನ ಜೇಬಿನ ದಪ್ಪ ಪರ್ಸನ್ನು ತೆಗೆದಿಡಿ. ಅದರ ಮೇಲೆ ಕುಳಿತರೆ ಪೃಷ್ಠದ ನರ ಒತ್ತಲ್ಪಟ್ಟು ತೊಡೆಯಿಂದ ಪಾದದವರೆಗೂ ನೋವು ಹರಿಯಬಹುದು. ಹವಾಯಿ ಚಪ್ಪಲಿ ಬೇಡವೇ ಬೇಡ. ಅದು ಜಾರಿ ಪೆಡಲಿನ ಕೆಳಗೆ ಸಿಕ್ಕಿಕೊಳ್ಳುತ್ತದೆ.

ಇಷ್ಟು ಸರಿಪಡಿಸಿ ಎರಡು ವಾರವಾದರೂ ನೋವು ಹೋಗದಿದ್ದರೆ ಕಾರಣ ಹುಡುಕಬೇಕು. ನಡೆಯುವಾಗ ಮೀನಖಂಡ ಹಿಡಿದು, ನಿಂತರೆ ಬಿಡುತ್ತದೆಯೆ? ಬೀಡಿ-ಸಿಗರೇಟು ಸೇದುವವರಲ್ಲಿ ಕಾಲಿನ ರಕ್ತನಾಳ ಕಿರಿದಾಗಿರಬಹುದು. ಸೊಂಟದಿಂದ ಕೆಳಗೆ ಮಿಂಚಿನಂತೆ ಇಳಿಯುತ್ತದೆಯೆ? ಬೆನ್ನುಮೂಳೆಯ ಡಿಸ್ಕ್ ನರವನ್ನು ಒತ್ತುತ್ತಿರಬಹುದು. ಮೆಟ್ಟಿಲಿಳಿಯುವಾಗ ಮಂಡಿ ನೋಯುತ್ತದೆಯೆ? ಅದು ಸವೆತ. ರಕ್ತದೊತ್ತಡಕ್ಕೆ ಕೊಡುವ ಅಮ್ಲೋಡಿಪಿನ್ ಮಾತ್ರೆಯಿಂದಲೂ ಕೆಲವರಿಗೆ ಪಾದ ಊದುತ್ತದೆ.

ನೋವಿಗಿಂತ ಹೆಚ್ಚು ಭಯಪಡಬೇಕಾದುದು ನೋವಿಲ್ಲದ ಪಾದಕ್ಕೆ. ಹಲವು ವರ್ಷಗಳ ಸಕ್ಕರೆ ಕಾಯಿಲೆಯಲ್ಲಿ ಪಾದದ ನರಗಳು ನಶಿಸುತ್ತಾ ಬರುತ್ತವೆ. ಮೊದಲು ಜೋಮು, ರಾತ್ರಿ ಉರಿ, ಆಮೇಲೆ ಹತ್ತಿಯ ಮೇಲೆ ನಡೆದಂಥ ಅನುಭವ. ‘ಚಪ್ಪಲಿ ಕಳಚಿ ಬಿದ್ದದ್ದೇ ಗೊತ್ತಾಗಲಿಲ್ಲ’ ಎಂದು ರೋಗಿಗಳು ನಗುತ್ತಾ ಹೇಳುತ್ತಾರೆ. ಚಪ್ಪಲಿಯ ಅರಿವಿಲ್ಲದ ಪಾದಕ್ಕೆ ಬ್ರೇಕಿನ ಅರಿವು ಎಷ್ಟಿದ್ದೀತು? ಇಂಥವರಿಗೆ ಕ್ರೂಸ್ ಕಂಟ್ರೋಲ್ ಹಿತವೆನಿಸುವುದು ಸಹಜ, ಏಕೆಂದರೆ ಪೆಡಲನ್ನು ಅಳೆದು ಒತ್ತುವ ಕಷ್ಟ ತಪ್ಪುತ್ತದೆ. ಆದರೆ ತುರ್ತಿನಲ್ಲಿ ಬ್ರೇಕ್ ಒತ್ತಬೇಕಾದುದು ಅದೇ ಪಾದವೇ. ಮೆಟ್‌ಫಾರ್ಮಿನ್ ಮಾತ್ರೆಯನ್ನು ವರ್ಷಗಟ್ಟಲೆ ನುಂಗಿದವರಲ್ಲಿ ಬಿ12 ಜೀವಸತ್ವ ಕಡಿಮೆಯಾಗಬಹುದು. ಶುದ್ಧ ಸಸ್ಯಾಹಾರಿಗಳಲ್ಲಿ ಆ ಕೊರತೆ ಮೊದಲೇ ಇರುವ ಸಂಭವವುಂಟು. ಅದೂ ಇದೇ ಬಗೆಯ ಜೋಮು ತರುತ್ತದೆ. ಇದನ್ನು ರಕ್ತಪರೀಕ್ಷೆಯಿಂದ ತಿಳಿದು ಗುಣಪಡಿಸಬಹುದು.

ನಲವತ್ತು ದಾಟಿದವರು ಚಾಲನಾ ಪರವಾನಗಿಗೆ ನಮೂನೆ 1-ಎ ವೈದ್ಯಕೀಯ ಪ್ರಮಾಣಪತ್ರ ಒದಗಿಸಬೇಕು. ಅದನ್ನು ಬರಿಯ ಸಹಿ ಎಂದುಕೊಂಡು ಅವಸರ ಮಾಡುವವರೇ ಹೆಚ್ಚು. ಆ ನೆವದಲ್ಲಾದರೂ ಕಣ್ಣು ಮತ್ತು ಪಾದ ಎರಡನ್ನೂ ತೋರಿಸಿಕೊಳ್ಳಿ. ಬಲ ಮಂಡಿಯ ಕೀಲು ಬದಲಿಸಿಕೊಂಡವರು ಸಾಮಾನ್ಯವಾಗಿ 4ರಿಂದ 6 ವಾರ ಕಾರು ಓಡಿಸಬಾರದು. ಆಮೇಲೂ ಶಸ್ತ್ರಚಿಕಿತ್ಸಕರ ಒಪ್ಪಿಗೆ ಬೇಕು. ‘ಕ್ರೂಸ್ ಇದೆಯಲ್ಲ’ ಎಂಬ ಧೈರ್ಯದಿಂದ ಮೊದಲೇ ಸ್ಟೀರಿಂಗ್ ಹಿಡಿಯುವಂತಿಲ್ಲ.

ಹಾಗಾದರೆ ಆ ಗುಂಡಿಗೆ ದುಡ್ಡು ಕೊಟ್ಟದ್ದು ವ್ಯರ್ಥವೆ? ಅಲ್ಲ. ಹಗಲಿನಲ್ಲಿ, ಒಣ ರಸ್ತೆಯಲ್ಲಿ, ವಾಹನ ವಿರಳವಾದಾಗ, ಹೆದ್ದಾರಿಯಲ್ಲಿ ಚಿತ್ರದುರ್ಗದ ಕಡೆಗೋ ಹಾವೇರಿಯ ಕಡೆಗೋ ಹೋಗುವಾಗ ಅದು ಅನುಕೂಲವೇ. ಅರಿವಿಲ್ಲದೆ ವೇಗ ಮಿತಿ ಮೀರುವುದನ್ನೂ ತಡೆಯುತ್ತದೆ. ಆಗಲೂ ಪಾದ ಬ್ರೇಕಿನ ಹತ್ತಿರವೇ ಇರಲಿ, ಎರಡು ಗಂಟೆಗೊಮ್ಮೆ ಇಳಿದು ನಾಲ್ಕು ಹೆಜ್ಜೆ ನಡೆಯಿರಿ. ನಗರ ಸಮೀಪಿಸಿದಾಗ ಸರ್ವಿಸ್ ರಸ್ತೆಗೆ ಇಳಿಯುವ ಮೊದಲೇ ಅದನ್ನು ಆರಿಸಿಬಿಡಿ.

ಸಕ್ಕರೆ ಕಾಯಿಲೆಯವರು ವರ್ಷಕ್ಕೊಮ್ಮೆಯಾದರೂ ಪಾದದ ಸ್ಪರ್ಶ ಪರೀಕ್ಷೆ ಮಾಡಿಸಿಕೊಳ್ಳಬೇಕು. ಸಣ್ಣ ನೈಲಾನ್ ಎಳೆಯಿಂದ ಪಾದವನ್ನು ಮುಟ್ಟಿ, ಕಂಪನ ಕವೆಯನ್ನು ಹೆಬ್ಬೆರಳಿಗೆ ಇಟ್ಟು ನೋಡುತ್ತೇವೆ. ಐದು ನಿಮಿಷದ ಕೆಲಸ, ನೋವಿಲ್ಲ. ಬರುವಾಗ ಕಾರು ಓಡಿಸಲು ಹಾಕುವ ಪಾದರಕ್ಷೆಯನ್ನೇ ಹಾಕಿಕೊಂಡು ಬನ್ನಿ. ಅದರ ಅಟ್ಟೆ ಎಲ್ಲಿ ಸವೆದಿದೆ ಎಂಬುದನ್ನೂ ನೋಡಬೇಕಾಗುತ್ತದೆ.