ಗೇಯನಾಟಕವನ್ನು ಕೇಳುವ ಬಗೆ

ನಾಟಕವೆಂದೊಡನೆ ನಮಗೆ ನೆನಪಾಗುವುದು ಮಾತು, ನಡುನಡುವೆ ಬಂದುಹೋಗುವ ಹಾಡು. ಅಂಥ ಹಾಡುಗಳಲ್ಲಿ ಕೆಲವನ್ನು ಬಿಟ್ಟರೂ ಕಥೆ ಕುಂಟುವುದಿಲ್ಲ. ಗೇಯನಾಟಕದ ರೀತಿಯೇ ಬೇರೆ. ಅಲ್ಲಿ ಪಾತ್ರಗಳು ಹಾಡಿಯೇ ಮಾತನಾಡುತ್ತವೆ. ಹಾಡನ್ನು ತೆಗೆದರೆ ನಾಟಕವೇ ಉಳಿಯದು. ಪಾಶ್ಚಾತ್ಯರ ಆಪೆರಾ ಇದಕ್ಕೆ ಸಮೀಪದ ಬಂಧು. ಅಮೆರಿಕದಲ್ಲಿ ನೆಲಸಿದ ಮೆನೋಟ್ಟಿ ಎಂಬ ಸಂಗೀತಗಾರರು ಬಾನುಲಿಗೆಂದೇ ರಚಿಸಿದ ಒಂದು ಆಪೆರಾ 1939ರಲ್ಲಿ ಪ್ರಸಾರವಾಯಿತು. ರಂಗಸ್ಥಳವನ್ನು ಕಾಣದೆಯೂ, ಕಿವಿಯೊಂದರಿಂದಲೇ ನಾಟಕವನ್ನು ಸವಿಯಬಹುದೆಂಬುದಕ್ಕೆ ಅದೊಂದು ನಿದರ್ಶನ.

ಕನ್ನಡದಲ್ಲಿ ಈ ಪ್ರಕಾರವನ್ನು ಬಹುಕಾಲ ಪ್ರೀತಿಯಿಂದ ಬೆಳೆಸಿದವರು ಕವಿ ಪು. ತಿ. ನರಸಿಂಹಾಚಾರ್ಯರು. 1905ರಲ್ಲಿ ಮೇಲುಕೋಟೆಯಲ್ಲಿ ಜನಿಸಿ 1998ರವರೆಗೆ ಬಾಳಿದ ಇವರು ‘ಅಹಲ್ಯೆ’, ‘ಗೋಕುಲ ನಿರ್ಗಮನ’, ‘ಶಬರಿ’ ಮೊದಲಾದವುಗಳನ್ನು ರಚಿಸಿದರು. ‘ಹಂಸದಮಯಂತಿ ಮತ್ತು ಇತರ ರೂಪಕಗಳು’ ಎಂಬ ಸಂಕಲನಕ್ಕೆ 1966ರಲ್ಲಿ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಬಂದಿತು. ಇವರು ಕವಿಯೂ ಹೌದು, ರಾಗ ಕೂಡಿಸಿದ ಸಂಗೀತಜ್ಞರೂ ಹೌದು.

ಇದರ ಮಹತ್ತ್ವ ನಮ್ಮ ಬೀದರ್ ಸೀಮೆಯವರಿಗೆ ಸುಲಭವಾಗಿ ತಿಳಿಯುತ್ತದೆ. ಬಸವಕಲ್ಯಾಣದ ಶರಣರ ವಚನಗಳನ್ನು ಮಲ್ಲಿಕಾರ್ಜುನ ಮನ್ಸೂರರು ಹಾಡಿದುದನ್ನು ನೀವು ಕೇಳಿದ್ದೀರಿ. ಅಲ್ಲಿ ಶರಣರ ನುಡಿ ಮೊದಲು ಹುಟ್ಟಿತು. ಈ ಗಾಯಕರ ರಾಗ ಶತಮಾನಗಳ ಅನಂತರ ಬಂದು ಸೇರಿತು. ರಾಗವಿಲ್ಲದೆ ಓದಿದರೂ ವಚನ ಪೂರ್ಣವೇ. ಗೇಯನಾಟಕದಲ್ಲಾದರೋ ನುಡಿ ಮತ್ತು ರಾಗ ಅವಳಿ ಮಕ್ಕಳು.

‘ಗೋಕುಲ ನಿರ್ಗಮನ’ವನ್ನೇ ನೋಡಿ. ಅಕ್ರೂರ ಬಂದ, ಕೃಷ್ಣ ಮಥುರೆಗೆ ಹೊರಟ: ಕಥೆ ಇಷ್ಟೆ. ಆದರೆ ಅಗಲಿಕೆಯ ನೋವು ಒಂದು ವಾಕ್ಯದಲ್ಲಿ ಮುಗಿಯುವುದಿಲ್ಲ. ಅದು ನಿಂತು, ತಿರುಗಿ ನೋಡಿ, ಮತ್ತೆ ಹೊರಡುತ್ತದೆ. ಆ ತಡವರಿಕೆಗೆ ಎಡೆ ಕೊಡುವುದು ರಾಗ.

ಇಲ್ಲಿಯೇ ಒಂದು ಅಪಾಯವೂ ಇದೆ. ಅಚ್ಚಿನ ಪುಸ್ತಕ ಪದಗಳನ್ನು ಕಾಪಾಡುತ್ತದೆ, ರಾಗದ ಹೆಸರನ್ನೂ ಹೇಳಬಲ್ಲದು. ಧಾಟಿಯನ್ನು ಉಳಿಸುವುದು ಮಾತ್ರ ಹಾಡುವ ಕಂಠ. ಕಲಿತು ಹಾಡುವವರಿಲ್ಲದಿದ್ದರೆ ಇಂಥ ನಾಟಕ ಕಪಾಟಿನಲ್ಲಿ ಮೂಕವಾಗಿ ಕೂರುತ್ತದೆ. ಗುಬ್ಬಿ ಕಂಪೆನಿಯಲ್ಲಿ ಬೆಳೆದು, ರಂಗಸಂಗೀತಕ್ಕೆ ಹೊಸ ದಾರಿ ತೆರೆದ ಬಿ. ವಿ. ಕಾರಂತರು ‘ಗೋಕುಲ ನಿರ್ಗಮನ’ವನ್ನು ರಂಗಕ್ಕೆ ತಂದುದು ಆದ್ದರಿಂದಲೇ ದೊಡ್ಡ ಉಪಕಾರ.

ಗೇಯನಾಟಕ ಪ್ರಸಾರವಾದಾಗ ‘ಹಾಡು ಮುಗಿಯಲಿ, ಕಥೆ ಬರಲಿ’ ಎಂದು ಕಾಯಬೇಡಿ. ಯಾವ ಪಾತ್ರ ಯಾವ ಧಾಟಿಯಲ್ಲಿ ಬಂದಿತು, ಅದು ಎಲ್ಲಿ ಬದಲಾಯಿತು ಎಂಬುದರತ್ತ ಕಿವಿಗೊಡಿ. ಧಾಟಿ ಬದಲಾದೆಡೆಯಲ್ಲಿ ಮನಸ್ಸೂ ಬದಲಾಗಿರುತ್ತದೆ. ಮನೆಯ ಮಕ್ಕಳು ಅದರಲ್ಲಿ ಎರಡು ಸಾಲು ಗುನುಗಿದರೆ ತಡೆಯಬೇಡಿ. ನಾಟಕ ಉಳಿಯುವುದು ಹಾಗೆಯೇ.