ಸಮಾಧಿ ಕಲ್ಲಿನ ಮೇಲೆ ‘ಆರ್’ ಯಾಕೆ? ಸ್ಟಾರ್ ಟ್ರೆಕ್‌ನ ಒಂದು ಕಂತಿನ ಗೊಂದಲಗಳು

ಇವತ್ತು ಶುರುವಿನಲ್ಲೇ ಒಂದು ತಪ್ಪೊಪ್ಪಿಗೆ. ಕಳೆದ ಸಂಚಿಕೆಯಲ್ಲಿ ‘ಸ್ಟಾರ್ ಟ್ರೆಕ್’ ಬಗ್ಗೆ ಮಾತಾಡ್ತಾ ಒಂದು ವಿಷಯ ಬಹಳ ಧೈರ್ಯವಾಗಿ ಹೇಳಿಬಿಟ್ಟಿದ್ದೆ. ಪ್ರತಿ ಕಂತಿನ ಆರಂಭದಲ್ಲಿ ಕ್ಯಾಪ್ಟನ್ ಹೇಳುವ ಮಾತಿದೆಯಲ್ಲ, ಅದರಿಂದಲೇ ‘ವೇರ್ ನೋ ಮ್ಯಾನ್ ಹ್ಯಾಸ್ ಗಾನ್ ಬಿಫೋರ್’ ಅನ್ನೋ ಕಂತಿಗೆ ಹೆಸರಿಟ್ಟರು ಅಂತ. ಮರುದಿನವೇ ಕೇಳುಗರೊಬ್ಬರ ವಾಯ್ಸ್ ನೋಟ್ ಬಂತು: “ನೀವು ಉಲ್ಟಾ ಹೇಳಿದ್ರಿ.”

ಹೌದು, ಉಲ್ಟಾ ಹೇಳಿದ್ದೆ. ಈ ಕಂತನ್ನು ಚಿತ್ರೀಕರಿಸಿದ್ದು 1965ರ ಜುಲೈನಲ್ಲಿ. ಬರೆದವರು ಸ್ಯಾಮ್ಯುಯೆಲ್ ಪೀಪಲ್ಸ್. ಆರಂಭದ ಮಾತು ಸಿದ್ಧವಾಗಿದ್ದು 1966ರಲ್ಲಿ, ಪ್ರಸಾರಕ್ಕೆ ಸ್ವಲ್ಪ ಮುಂಚೆ. ಅಂದರೆ ಕಂತಿನ ಹೆಸರು ಮೊದಲು, ಘೋಷವಾಕ್ಯ ಆಮೇಲೆ. ಇನ್ನೊಂದು ತಮಾಷೆ ಗೊತ್ತಾ? ಕಥೆಯ ಒಳಗೆ ಆ ಹೆಸರು ನಿಜವೇ ಅಲ್ಲ! ಎಂಟರ್‌ಪ್ರೈಸ್ ನೌಕೆ ನಮ್ಮ ಗ್ಯಾಲಕ್ಸಿಯ ಅಂಚಿಗೆ ಹೋಗುತ್ತೆ. ಅಲ್ಲಿ ಮೊದಲು ಸಿಗೋದೇ ‘ವೇಲಿಯಂಟ್’ ಅನ್ನೋ ನೌಕೆಯ ರೆಕಾರ್ಡರ್. ಆ ನೌಕೆ 200 ವರ್ಷ ಹಿಂದೆಯೇ ಅಲ್ಲಿಗೆ ಬಂದು ನಾಶವಾಗಿತ್ತು. ಯಾರೂ ಹೋಗದ ಜಾಗ ಅಂತ ಹೆಸರು, ಆದರೆ ಆಗಲೇ ಯಾರೋ ಹೋಗಿಯಾಗಿದೆ.

ಇಲ್ಲೇ ಒಂದು ಟಿಪ್ ಕೊಟ್ಟುಬಿಡ್ತೀನಿ. 1987ರಲ್ಲಿ ‘ನೆಕ್ಸ್ಟ್ ಜನರೇಷನ್’ ಬಂದಾಗ ‘ಮ್ಯಾನ್’ ತೆಗೆದು ‘ಒನ್’ ಹಾಕಿದರು, ಹೆಂಗಸರನ್ನ ಬಿಟ್ಟಂತೆ ಕೇಳಬಾರದು ಅಂತ. ಆ ಸರಣಿಯ ಮೊದಲ ಸೀಸನ್‌ನಲ್ಲಿ ‘ವೇರ್ ನೋ ಒನ್ ಹ್ಯಾಸ್ ಗಾನ್ ಬಿಫೋರ್’ ಅಂತಲೇ ಬೇರೊಂದು ಕಂತಿದೆ. ಹಾಗಾಗಿ ಮೊಬೈಲ್‌ನಲ್ಲಿ ಹುಡುಕುವಾಗ ಒಂದೇ ಪದದ ವ್ಯತ್ಯಾಸ ಅಂತ ನೆನಪಿರಲಿ. ಕನ್ನಡದಲ್ಲಿ ಈ ತಲೆನೋವೇ ಇಲ್ಲ. ‘ಯಾರೂ ಹೋಗದ ಕಡೆಗೆ’ ಅಂದರೆ ಮುಗೀತು, ಅದರಲ್ಲಿ ಎಲ್ಲರೂ ಬಂದ್ರು.

ಈಗ ಅದೇ ಕೇಳುಗರ ಎರಡನೇ ಪ್ರಶ್ನೆ. ಮೊದಲ ಎರಡು ಕಂತು ನೋಡಿ ಮೂರನೆಯದಕ್ಕೆ ಬಂದರೆ ಡಾಕ್ಟರ್ ಬೇರೆ, ಬಟ್ಟೆ ಬೇರೆ, ಉಹುರಾ ಕಾಣಲ್ಲ, ನೌಕೆ ನಡೆಸಬೇಕಾದ ಸುಲು ವಿಜ್ಞಾನಿ ಆಗಿಬಿಟ್ಟಿದ್ದಾನೆ. ಆ್ಯಪ್‌ನಲ್ಲಿ ಏನಾದ್ರೂ ಎಡವಟ್ಟಾಗಿದ್ಯಾ ಅಂತ ಅವರಿಗೆ ಅನುಮಾನ.

ಆ್ಯಪ್ ಸರಿಯಾಗೇ ಇದೆ. ಎಡವಟ್ಟು 1966ರದ್ದು. ಎನ್‌ಬಿಸಿ ಚಾನೆಲ್ ಮೊದಲ ಪೈಲಟ್ ‘ದಿ ಕೇಜ್’ ಬೇಡ ಅಂದು, ಇನ್ನೊಂದು ಮಾಡಿಸಿತು. ಆ ಎರಡನೇ ಪೈಲಟ್ಟೇ ನಮ್ಮ ಕಂತು. ಅದನ್ನ ಒಪ್ಪಿಕೊಂಡ ಮೇಲೆ ಉಳಿದ ಕಂತುಗಳು ತಯಾರಾದವು, ಅಷ್ಟರಲ್ಲಿ ಪಾತ್ರಗಳೂ ಬದಲಾದವು, ಬಟ್ಟೆಯೂ ಬದಲಾಯ್ತು. ಆದರೆ ಸೆಪ್ಟೆಂಬರ್ 8ರಂದು ಮೊದಲು ಪ್ರಸಾರ ಆಗಿದ್ದು ರಾಕ್ಷಸ ಪ್ರಾಣಿಯ ಕಥೆ ‘ದಿ ಮ್ಯಾನ್ ಟ್ರ್ಯಾಪ್’. ಪೈಲಟ್ ಬಂದಿದ್ದು ಸೆಪ್ಟೆಂಬರ್ 22ಕ್ಕೆ. ಕ್ಯಾಪ್ಟನ್ ಲಾಗ್‌ನಲ್ಲಿ ಹೇಳುವ ‘ಸ್ಟಾರ್‌ಡೇಟ್’ ಕೇಳಿದ್ರೂ ಗೊತ್ತಾಗುತ್ತೆ: ಪೈಲಟ್‌ನಲ್ಲಿ 1312.4, ಮ್ಯಾನ್ ಟ್ರ್ಯಾಪ್‌ನಲ್ಲಿ 1513.1. ಹಾಗಂತ ಸ್ಟಾರ್‌ಡೇಟನ್ನ ಎಲ್ಲಾ ಕಡೆ ನಂಬಬೇಡಿ. ಕಥೆ ಯಾವ ಇಸವಿಯದು ಅಂತ ಹೇಳೋದನ್ನ ತಪ್ಪಿಸಿಕೊಳ್ಳೋಕೇ ಮಾಡಿಕೊಂಡ ಸಂಖ್ಯೆ ಅದು.

ಈಗ ಸಮಾಧಿ ಕಲ್ಲಿಗೆ ಬರೋಣ. ಕಥೆ ಸುಮಾರು 60 ವರ್ಷ ಹಳೇದು, ಸ್ಪಾಯ್ಲರ್ ಅಂತ ಬೈಬೇಡಿ. ಕ್ಯಾಪ್ಟನ್ ಕರ್ಕ್ (ಕಿರಿಕ್ ಅಲ್ಲ, ಕರ್ಕ್) ಮತ್ತು ಗ್ಯಾರಿ ಮಿಚೆಲ್ ಹಳೇ ಗೆಳೆಯರು. ಗ್ಯಾಲಕ್ಸಿಯ ಅಂಚಲ್ಲಿ ಮಿಚೆಲ್‌ಗೆ ವಿಚಿತ್ರ ಶಕ್ತಿ ಬರುತ್ತೆ. ದಿನ ಕಳೆದಂತೆ ಅವನು ತನ್ನನ್ನ ದೇವರು ಅಂದುಕೊಳ್ತಾನೆ. ಸ್ಪಾಕ್ ತಣ್ಣಗೆ ಹೇಳ್ತಾನೆ: ತಡ ಮಾಡಿದರೆ ಎಲ್ಲರೂ ಹೋಗ್ತೀವಿ, ಈಗಲೇ ಅವನನ್ನ ಮುಗಿಸು. ಕರ್ಕ್ ಕೈಲಿ ಆಗಲ್ಲ. ಕೊನೆಗೆ ಒಂದು ಬರಡು ಗ್ರಹದಲ್ಲಿ ಮಿಚೆಲ್ಲೇ ಗೆಳೆಯನಿಗೆ ಗುಂಡಿ ತೋಡಿ, ತಲೆಕಡೆಗೆ ಕಲ್ಲು ನಿಲ್ಲಿಸ್ತಾನೆ. ಮೇಲೆ ಬರೆದ ಹೆಸರು: ಜೇಮ್ಸ್ ಆರ್. ಕರ್ಕ್.

ಮುಂದಿನ ಕಂತುಗಳಲ್ಲಿ ಅವನು ಜೇಮ್ಸ್ ಟಿ. ಕರ್ಕ್. ಆ ‘ಟಿ’ ಅಂದರೆ ಟೈಬೀರಿಯಸ್ ಅಂತ ಗೊತ್ತಾಗಿದ್ದು 1974ರ ಅನಿಮೇಟೆಡ್ ಕಂತು ‘ಬೆಮ್’ನಲ್ಲಿ. ಹಾಗಾದ್ರೆ ‘ಆರ್’? ನೇರ ಉತ್ತರ ಸಪ್ಪೆ. ಪೈಲಟ್ ಮಾಡುವಾಗ ಪೂರ್ತಿ ಹೆಸರು ಗಟ್ಟಿಯಾಗಿರಲಿಲ್ಲ, ಆಮೇಲೆ ಹಳೇ ದೃಶ್ಯ ತಿದ್ದಲಿಲ್ಲ. ಆದರೆ ಅಭಿಮಾನಿಗಳು ಕೊಡುವ ಒಂದು ವಿವರಣೆ ನನಗೆ ತುಂಬ ಇಷ್ಟ: ದೇವರಾಗಿದ್ದೀನಿ ಅಂತ ಬೀಗುವ ಮಿಚೆಲ್‌ಗೆ ಗೆಳೆಯನ ಇನಿಷಿಯಲ್ಲೇ ಸರಿಯಾಗಿ ನೆನಪಿರಲಿಲ್ಲ! ಹಾಗೆ ಅಂದುಕೊಂಡು ಆ ದೃಶ್ಯ ಮತ್ತೆ ನೋಡಿ. ಕೊನೆಗೆ ಆ ಗುಂಡಿಗೆ ಬೀಳೋದು ಮಿಚೆಲ್, ಗೆಳೆಯನಿಗೆ ಅಂತ ತೋಡಿದ ಗುಂಡಿಗೆ. ಅಲ್ಲಿ ಆ ತಪ್ಪು ಅಕ್ಷರ ನಗು ಬರಿಸಲ್ಲ, ಹೊಟ್ಟೆ ತೊಳಸುತ್ತೆ.

ಇನ್ನು ಗ್ಯಾಲಕ್ಸಿಯ ಅಂಚು. 1995ರ ‘ವಾಯೇಜರ್’ ಸರಣಿಯ ಪ್ರಕಾರ 70,000 ಜ್ಯೋತಿರ್ವರ್ಷ ದಾಟೋಕೆ 75 ವರ್ಷ ಬೇಕು. ನಮ್ಮ ಕ್ಷೀರಪಥದ ಅಗಲ ಸುಮಾರು 1 ಲಕ್ಷ ಜ್ಯೋತಿರ್ವರ್ಷ, ಸೂರ್ಯ ಅದರ ಮಧ್ಯದಿಂದ ಸುಮಾರು 26,000 ಜ್ಯೋತಿರ್ವರ್ಷ ದೂರ. ಆ ವೇಗದಲ್ಲಿ ಹೊರ ಅಂಚು ಮುಟ್ಟೋಕೆ 25 ವರ್ಷ ಆಗುತ್ತೆ. ಕರ್ಕ್ ಮಾತ್ರ ಹೋಗಿ ಬಂದೇಬಿಟ್ಟ! ಒಂದು ದಾರಿ ಇದೆ. ಗ್ಯಾಲಕ್ಸಿ ನೀರ್‌ದೋಸೆ ಥರ, ತೆಳ್ಳಗೆ. ನಾವಿರುವ ಕಡೆ ದಪ್ಪ ಸುಮಾರು 1,000 ಜ್ಯೋತಿರ್ವರ್ಷ ಅಷ್ಟೇ. ದೋಸೆಯ ಅಂಚಿಗೆ ಓಡುವ ಬದಲು ನೇರ ಮೇಲಕ್ಕೆ ಹಾರಿದರೆ ಆರೇಳು ತಿಂಗಳ ಕೆಲಸ. ಕಥೆಯಲ್ಲಿ ಅಲ್ಲಿ ಬೆಳಗುವ ಗೋಡೆ ಇದೆ. ನಿಜದಲ್ಲಿ ಗೋಡೆ ಇಲ್ಲ, ನಕ್ಷತ್ರಗಳು ಮೆಲ್ಲಗೆ ವಿರಳವಾಗ್ತಾ ಹೋಗುತ್ತವೆ ಅಷ್ಟೇ.

ಯಾವ ಕ್ರಮದಲ್ಲಿ ನೋಡಬೇಕು ಅಂದ್ರೆ, ನನ್ನ ಆಯ್ಕೆ: ಮೊದಲು ಪಟ್ಟಿಯ ಮೂರನೆಯದು, ಆಮೇಲೆ ವಾಪಸ್ ಒಂದು, ಎರಡು, ನಾಲ್ಕು. ಮತ್ತೆ ನಾನೇನಾದ್ರೂ ಉಲ್ಟಾ ಹೇಳಿದ್ರೆ ವಾಯ್ಸ್ ನೋಟ್ ಹಾಕಿ, ಮುಂದಿನ ವಾರ ಇಲ್ಲೇ ತಿದ್ದಿಕೊಳ್ತೀನಿ.