ಚೋಮ ಕೇಳಿದ್ದು ಒಂದು ತುಂಡು ಗೇಣಿ

1933ರಲ್ಲಿ ಪ್ರಕಟವಾದ ‘ಚೋಮನ ದುಡಿ’ಯನ್ನು ನಾವು ಬಹುಮಟ್ಟಿಗೆ ದುಃಖದ ಕಥೆಯಾಗಿಯೇ ಓದುತ್ತ ಬಂದಿದ್ದೇವೆ. ಸಾಲುಸಾಲು ಸಾವು, ತೀರದ ಸಾಲ, ಮುಚ್ಚಿದ ಬಾಗಿಲ ಹಿಂದಿನ ದುಡಿಯ ಸದ್ದು ನೆನಪಿನಲ್ಲಿ ಉಳಿಯುತ್ತವೆ. ಆದರೆ ಕಾದಂಬರಿಯನ್ನು ಮುನ್ನಡೆಸುವುದು ಚೋಮನ ಆಸೆ. ಆ ಆಸೆ ಎಷ್ಟು ಸಣ್ಣದು, ಎಷ್ಟು ಖಚಿತ ಎಂಬುದನ್ನು ಗಮನಿಸಿದರೆ, ಮುಂದೆ ಬಂದ ಭೂಸುಧಾರಣೆಯನ್ನೂ ಬೇರೆ ರೀತಿಯಲ್ಲಿ ತೂಗಬೇಕಾಗುತ್ತದೆ.

ಎತ್ತು ಇದೆ, ಗದ್ದೆ ಇಲ್ಲ

ಚೋಮ ಆಗಿನ ಮದ್ರಾಸ್ ಪ್ರಾಂತಕ್ಕೆ ಸೇರಿದ್ದ ದಕ್ಷಿಣ ಕನ್ನಡದ ಅಸ್ಪೃಶ್ಯ ಜೀತದಾಳು. ಕಾಡಿನಲ್ಲಿ ಸಿಕ್ಕಿದ ಎರಡು ಕರುಗಳನ್ನು ಸಾಕಿ ಜೋಡೆತ್ತು ಮಾಡಿದ್ದಾನೆ. ಸಾಲದ ಕಾಟವಿದ್ದರೂ ಮಾರಲೊಲ್ಲ. ಭೂಮಿಯ ಒಡೆತನದ ಮಾತನ್ನು ಅವನು ಎತ್ತುವುದೇ ಇಲ್ಲ. ಒಡೆಯರು ಗೇಣಿಗೆ ಒಂದು ತುಂಡು ಗದ್ದೆ ಕೊಟ್ಟರೆ ಸಾಕು. ಆಗಿನ ಕರಾವಳಿಯಲ್ಲಿ ಮೂಲಗೇಣಿದಾರನಿಗೆ ತಲೆಮಾರುಗಳ ಭದ್ರತೆಯಿತ್ತು, ಚಾಲಗೇಣಿಯವನಿಗೆ ಅದಿರಲಿಲ್ಲ. ಆ ಅಭದ್ರ ಮೆಟ್ಟಿಲೂ ಚೋಮನಿಗೆ ಎಟುಕಲಿಲ್ಲ. ಒಡೆಯನ ಮನಸ್ಸು ಕರಗಿದರೂ ಅವನ ತಾಯಿ ಹಿಂದಿನಿಂದ ಬಂದ ಕಟ್ಟಳೆಯ ಹೆಸರಿನಲ್ಲಿ ತಡೆಯುತ್ತಾಳೆ. ಒಡೆಯನ ಗದ್ದೆಯಲ್ಲಿ ಚೋಮ ಬದುಕಿಡೀ ದುಡಿಯಬಹುದಿತ್ತು. ತನ್ನ ಲೆಕ್ಕದಲ್ಲಿ ಉಳುವಂತಿರಲಿಲ್ಲ. ಅಸ್ಪೃಶ್ಯತೆಯನ್ನು ಬಾವಿ, ಗುಡಿಗಳ ಪ್ರಶ್ನೆಯಾಗಿಯೇ ಹೆಚ್ಚು ಚರ್ಚಿಸುತ್ತಿದ್ದ ಕಾಲದಲ್ಲಿ ಅದನ್ನು ಗದ್ದೆಯ ಬದುವಿಗೆ ತಂದು ನಿಲ್ಲಿಸಿದ್ದು ಈ ಕಾದಂಬರಿಯ ದೊಡ್ಡ ಸಾಧನೆ.

ತೆತ್ತ ಬೆಲೆ

ಕಾಫಿ ತೋಟದ ಸಾಲ ತೀರಿಸಲು ಘಟ್ಟ ಹತ್ತಿದ ಇಬ್ಬರು ಮಕ್ಕಳಲ್ಲಿ ಒಬ್ಬ ಜ್ವರಕ್ಕೆ ಬಲಿಯಾಗುತ್ತಾನೆ, ಇನ್ನೊಬ್ಬ ಮದುವೆಗಾಗಿ ಕ್ರೈಸ್ತನಾಗುತ್ತಾನೆ. ಅದೇ ಸಾಲದ ಬಲೆಯಲ್ಲಿ ಮಗಳು ಬೆಳ್ಳಿಯ ಮೈ ಪರರ ಪಾಲಾಗುತ್ತದೆ. ಕಿರಿಯ ಮಗ ನೀರುಪಾಲಾಗುವಾಗ ಮೇಲ್ಜಾತಿಯವರು ದಡದಲ್ಲೇ ನಿಂತಿರುತ್ತಾರೆ. ಮತಾಂತರವಾದರೆ ಭೂಮಿ ಸಿಕ್ಕೀತೆಂದು ಹೊರಟ ಚೋಮನನ್ನು ಪಂಜುರ್ಲಿಯ ಮೇಲಿನ ಭಯಭಕ್ತಿ ಅರ್ಧ ದಾರಿಯಿಂದ ಹಿಂದಕ್ಕೆ ಕರೆಯುತ್ತದೆ.

ಚೋಮನ ಸಿಟ್ಟನ್ನೆಲ್ಲ ದುಡಿಗೇ ಒಪ್ಪಿಸಿದ ಮೇಲ್ಜಾತಿಯ ಅನುಕಂಪ ಇದೆಂಬ ಆಕ್ಷೇಪಕ್ಕೆ ಹುರುಳಿದೆ. ಮಂಗಳೂರಿನಲ್ಲಿ ಅಸ್ಪೃಶ್ಯ ಮಕ್ಕಳ ಶಾಲೆ 1890ರ ದಶಕದಲ್ಲೇ ತೆರೆದಿತ್ತು. ಆ ಬಾಗಿಲು ಕಾದಂಬರಿಯೊಳಗೆ ಕಾಣುವುದಿಲ್ಲ. ಊರಿನಲ್ಲಿ ಇಲ್ಲದ ಬಿಡುಗಡೆಯನ್ನು ಲೇಖಕ ಕಲ್ಪಿಸಿ ಕೊಡಲಿಲ್ಲ, ಅದೇ ಪ್ರಾಮಾಣಿಕತೆ ಎನ್ನುವವರೂ ಇದ್ದಾರೆ. ಎರಡನೆಯ ವಾದ ಹೆಚ್ಚು ಒಪ್ಪುವಂತಿದೆ. ಆದರೆ ಸಂಘಟನೆಯ ಸುಳಿವೇ ಇಲ್ಲದ ಆಸೆ ಒಬ್ಬಂಟಿಯಾಗಿ ಸಾಯುವುದು ವಿಧಿಯಂತೆ ಕಾಣುವ ಅಪಾಯವನ್ನು ಅದು ನಿವಾರಿಸುವುದಿಲ್ಲ.

ಏಳನೇ ನಮೂನೆಯ ಹೊರಗೆ

1961ರ ಭೂಸುಧಾರಣಾ ಕಾಯ್ದೆಗೆ ತಂದ ತಿದ್ದುಪಡಿ 1974ರ ಮಾರ್ಚ್ 1ರಿಂದ ಜಾರಿಗೆ ಬಂತು. ಗೇಣಿ ಭೂಮಿ ಸರ್ಕಾರದ ವಶವಾಯಿತು. ಗೇಣಿದಾರರು ಏಳನೇ ನಮೂನೆಯಲ್ಲಿ ಅರ್ಜಿ ಹಾಕಿ ನ್ಯಾಯಮಂಡಳಿಗಳ ಮುಂದೆ ನಿಂತರು. ಗೇಣಿ ದಟ್ಟವಾಗಿದ್ದ ಕರಾವಳಿಯಲ್ಲಿ ಅದರ ಫಲ ಎದ್ದು ಕಂಡಿತು, ಅನೇಕ ಕುಟುಂಬಗಳ ಬದುಕೇ ಬದಲಾಯಿತು. 1975ರಲ್ಲಿ ಕಾದಂಬರಿ ಸಿನಿಮಾ ಆಗಿ ಆ ವರ್ಷದ ಸ್ವರ್ಣಕಮಲವನ್ನೂ ಪಡೆಯಿತು.

ಚೋಮ ಅಂದಿನವರೆಗೆ ಬದುಕಿದ್ದರೆ? ಅರ್ಜಿ ಹಾಕಲು ಅವನ ಹೆಸರಿನಲ್ಲಿ ಗೇಣಿಯೇ ಇರುತ್ತಿರಲಿಲ್ಲ. ಕೃಷಿ ಕಾರ್ಮಿಕರು ವಾಸವಿದ್ದ ಗುಡಿಸಲಿನ ಜಾಗಕ್ಕೆ ಹಕ್ಕು ಕೊಡುವ ಕಲಮು ಕಾಯ್ದೆಯಲ್ಲಿದೆ, ಅಷ್ಟು ದಕ್ಕುತ್ತಿತ್ತೇನೋ. 1976ರ ಜೀತ ರದ್ದತಿ ಕಾಯ್ದೆ ಸಾಲವನ್ನು ಅಳಿಸುತ್ತಿತ್ತು, ಗದ್ದೆ ಕೊಡುತ್ತಿರಲಿಲ್ಲ. ಉಳಿಯುವುದು ಸರ್ಕಾರದ ಮಂಜೂರಾತಿ. ಅಂಥ ಜಮೀನೂ ಕೈಜಾರುತ್ತಿದ್ದುದರಿಂದಲೇ ಪರಿಶಿಷ್ಟರ ಮಂಜೂರು ಭೂಮಿಯ ಪರಭಾರೆ ತಡೆಯಲು 1978ರ ಕಾಯ್ದೆ ಬೇಕಾಯಿತು. ಉಳುವವನಿಗೆ ಭೂಮಿ ಎಂಬ ನೀತಿ ದೊಡ್ಡದೇ. ಯಾರನ್ನು ಉಳುವವನೆಂದು ಎಣಿಸಬೇಕು ಎಂಬಲ್ಲಿ ಅದು ಹಳೆಯ ಕಟ್ಟಳೆಯ ದಾಖಲೆಯನ್ನೇ ನೆಚ್ಚಿತು.

ಕೃಷಿಕರಲ್ಲದವರು ಕೃಷಿಭೂಮಿ ಕೊಳ್ಳಲು ಇದ್ದ ನಿರ್ಬಂಧವನ್ನು 2020ರ ತಿದ್ದುಪಡಿ ತೆಗೆದುಹಾಕಿದೆ. ರೈತನಿಗೆ ಒಳ್ಳೆಯ ಬೆಲೆ, ಕೃಷಿಗೆ ಹೊಸ ಬಂಡವಾಳ ಬರುತ್ತದೆಂದು ಬೆಂಬಲಿಗರು ಹೇಳುತ್ತಾರೆ. ಸಣ್ಣ ಹಿಡುವಳಿದಾರ ನೆಲ ಬಿಟ್ಟು ಹೋಗುತ್ತಾನೆಂದು ವಿರೋಧಿಗಳು. ಮಾರಲು ಜಮೀನು ಇದ್ದವರ ಮಟ್ಟಿಗೆ ಇದು ನಿಜವಾದ ಚರ್ಚೆ. ಜಮೀನೇ ಇಲ್ಲದೆ ಕೊಳ್ಳಬೇಕಾದ ಕೂಲಿಯವನು ಈಗ ಪೇಟೆಯ ಹಣದೊಂದಿಗೂ ಪೈಪೋಟಿಗೆ ಇಳಿಯಬೇಕು.